99 ಪೈಸೆಗೆ ಜಾಗ ಕೊಟ್ರೆ ಬಂದೇಬಿಡ್ತಾರಾ? ಧಾರವಾಡದ ಮಾಸ್ತರರಿಗೆ ಸಂಪಾದಕರ ಉತ್ತರ

ಮಾಸ್ತರರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂತು, ಎರಡು ಸಲ ಓದಿದೆ. ಮೂರನೇ ಪುಟದ ಮೇಲೆ ಯಾರೋ ಚಹಾ ಚೆಲ್ಲಿದಾರೆ, ನೀವೋ ನಮ್ಮ ಆಫೀಸಿನವರೋ ಗೊತ್ತಾಗ್ಲಿಲ್ಲ, ಅಂತೂ ವಿಷಯ ಪೂರ್ತಿ ಸಿಕ್ತು. ಬೇರೆ ಓದುಗರಿಗೋಸ್ಕರ ನಿಮ್ಮದೇ ಮಾತಲ್ಲಿ ಚಿಕ್ಕದಾಗಿ ಹಾಕ್ತೀನಿ: "ನಮ್ಮ ಹುಬ್ಬಳ್ಳಿ-ಧಾರವಾಡದಾಗ ಜಾಗ ಅದ, ಏರ್‌ಪೋರ್ಟ್ ಅದ, ಐಐಟಿ ಅದ, ಹುಡುಗರು ಅದಾರ. ಆಂಧ್ರದವ್ರು ವಿಶಾಖಪಟ್ಟಣದಾಗ ಟಿಸಿಎಸ್‌ಗೆ 99 ಪೈಸೆಕ್ಕ 21 ಎಕರೆ ಕೊಟ್ರು. ನಾವೂ ಹಂಗ ಕೊಟ್ರ ಯಾವುದರ ದೊಡ್ಡ ಕಂಪನಿ ಹೆಡ್ ಆಫೀಸ್ ಇಲ್ಲಿಗೆ ಯಾಕ ಬರಂಗಿಲ್ಲ? ಈ ಕಂಪನಿಯವ್ರು ಊರು ಆರಸೋದರ ಹೆಂಗ?" ಜೊತೆಗೆ, ಹೋದ ಸಂಚಿಕೆಯಲ್ಲಿ ನಾನು "ರಿಯಾಯಿತಿ ಕೊಟ್ಟು ಊರು ಬೆಳೆಸೋಕಾಗಲ್ಲ" ಅಂತ ಒಂದೇ ಸಾಲಲ್ಲಿ ಬರೆದು ಕೈತೊಳ್ಕೊಂಡಿದ್ದಕ್ಕೆ ಬೈದಿದೀರ. ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದೆ, ಅದಕ್ಕೇ ಈ ಉದ್ದ ಉತ್ತರ.

ಊರು ಆರಿಸೋದು ಹೇಗೆ ಅನ್ನೋದು ಮಾಮೂಲಿಯಾಗಿ ಬಾಗಿಲು ಹಾಕ್ಕೊಂಡು ನಡೆಯೋ ವ್ಯವಹಾರ. ಒಂದು ಸಲ ಅದು ಊರಿಗೆಲ್ಲ ಡಂಗುರ ಹೊಡೆದು ನಡೀತು. 2017ರ ಸೆಪ್ಟೆಂಬರ್ 7ಕ್ಕೆ ಸಿಯಾಟಲ್‌ನ ಅಮೆಜಾನ್ ಒಂದು ಟೆಂಡರ್ ಥರದ ಕಾಗದ ಹೊರಡಿಸ್ತು: ನಮಗೆ ಎರಡನೇ ಹೆಡ್‌ಕ್ವಾರ್ಟರ್ಸ್ ಬೇಕು, 50,000 ಜನಕ್ಕೆ ಕೆಲಸ, ವರ್ಷಕ್ಕೆ ಸರಾಸರಿ 1 ಲಕ್ಷ ಡಾಲರ್ ಮೇಲೆ ಸಂಬಳ, 500 ಕೋಟಿ ಡಾಲರ್ ಹೂಡಿಕೆ, ಯಾರ್ಯಾರಿಗೆ ಬೇಕೋ ಅಕ್ಟೋಬರ್ 19ರೊಳಗೆ ಅರ್ಜಿ ಹಾಕಿ. ಊರು, ಸುತ್ತಮುತ್ತ ಎಲ್ಲ ಸೇರಿ 10 ಲಕ್ಷಕ್ಕಿಂತ ಹೆಚ್ಚು ಜನ ಇರಬೇಕು, ಇಂಟರ್‌ನ್ಯಾಷನಲ್ ಏರ್‌ಪೋರ್ಟ್ 45 ನಿಮಿಷದೊಳಗೆ ಸಿಗಬೇಕು, ಜಾಗದ ಹತ್ರಾನೇ ರೈಲೋ ಬಸ್ಸೋ ಇರಬೇಕು. (ನಿಮ್ಮ ಅವಳಿನಗರ 2011ರ ಜನಗಣತೀಲಿ ಸುಮಾರು 9.4 ಲಕ್ಷ ಇತ್ತು, ಹಾಗಾಗಿ ಮೊದಲನೇ ಷರತ್ತಲ್ಲಿ ಕೂದಲೆಳೆಯಲ್ಲಿ ಫೇಲು, ಈಗ ಪಾಸಾಗ್ತಿತ್ತೇನೋ.) ರಿಯಾಯಿತಿ ಎಷ್ಟು ಕೊಡ್ತೀರ ಅನ್ನೋದೂ ನಿರ್ಧಾರದಲ್ಲಿ ದೊಡ್ಡ ಅಂಶ ಅಂತ ಅದೇ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಆಮೇಲೆ ನಡೆದಿದ್ದು ನಮ್ಮ ಕಡೆ ಅಮೆರಿಕದ ವರ ಬಂದ್ರೆ ಹೆಣ್ಣಿನ ಮನೆಯವರು ಆಡ್ತಿದ್ರಲ್ಲ, ಹಾಗೇ. ಅಮೆರಿಕ, ಕೆನಡಾ, ಮೆಕ್ಸಿಕೋ ಎಲ್ಲ ಸೇರಿ 238 ಅರ್ಜಿ. ಅರಿಜೋನಾದ ಟೂಸಾನ್‌ನವರು 21 ಅಡಿ ಎತ್ತರದ ಕಳ್ಳಿಗಿಡ ಲಾರಿಗೆ ಹಾಕಿ ಕಳಿಸಿದ್ರು, ಕಂಪನಿಯವರು ಗಿಫ್ಟ್ ತಗೊಳ್ಳೋ ಹಾಗಿಲ್ಲ ಅಂತ ಅದನ್ನ ಅಲ್ಲಿನ ಮರುಭೂಮಿ ಮ್ಯೂಸಿಯಂಗೆ ಕೊಟ್ಬಿಟ್ರು. ಜಾರ್ಜಿಯಾದ ಸ್ಟೋನ್‌ಕ್ರೆಸ್ಟ್ ಅನ್ನೋ ಊರು 345 ಎಕರೆ ಬಿಟ್ಟುಕೊಟ್ಟು ಅದಕ್ಕೆ ಅಮೆಜಾನ್ ಅಂತಲೇ ಹೆಸರಿಡ್ತೀವಿ ಅಂತು. ಕ್ಯಾನ್ಸಸ್ ಸಿಟಿ ಮೇಯರ್ ಸ್ಲೈ ಜೇಮ್ಸ್ ಅಮೆಜಾನ್‌ನಲ್ಲಿ ಸಾವಿರ ಸಾಮಾನು ತರಿಸಿ, ಒಂದೊಂದಕ್ಕೂ ಐದು ಸ್ಟಾರ್ ಕೊಟ್ಟು, ರಿವ್ಯೂನಲ್ಲಿ ತಮ್ಮೂರನ್ನ ಹೊಗಳಿದ್ರು. ನ್ಯೂಯಾರ್ಕ್ ಗವರ್ನರ್ ಆಂಡ್ರ್ಯೂ ಕುವೊಮೊ ಅಂತೂ ಬೇಕಾದ್ರೆ ನನ್ನ ಹೆಸರನ್ನೇ ಅಮೆಜಾನ್ ಕುವೊಮೊ ಅಂತ ಬದಲಾಯಿಸ್ಕೊಳ್ತೀನಿ ಅಂದ್ರು, ತಮಾಷೆಗೇ ಇರಬಹುದು, ಆದ್ರೆ ಆ ಮಟ್ಟಕ್ಕೆ ಹೋಗಿತ್ತು ಅಂತ.

ಮಾನ ಇಟ್ಕೊಂಡವರೂ ಇದ್ರು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಮೇಯರ್, ಕಣ್ಣುಮುಚ್ಚಿ ಎಲ್ಲಾ ಕೊಟ್ಟು ಕೂರೋದು ನಮ್ಮ ರೀತಿ ಅಲ್ಲ ಅಂತ ಬಹಿರಂಗ ಪತ್ರ ಬರೆದು ಹಿಂದೆ ಸರಿದ್ರು.

ಈಗ ನಿಮ್ಮ 99 ಪೈಸೆ ಪ್ರಶ್ನೆಗೆ ಬರೋಣ. ಯಾರು ಎಷ್ಟು ಕೊಡ್ತೀನಿ ಅಂದ್ರು, ಯಾರಿಗೆ ಸಿಕ್ತು, ಎರಡೂ ಪಕ್ಕಪಕ್ಕ ಇಟ್ಟು ನೋಡಿ. ಮೇರಿಲ್ಯಾಂಡ್ ರಾಜ್ಯ ರಸ್ತೆ-ರೈಲು ಖರ್ಚೂ ಸೇರಿ 850 ಕೋಟಿ ಡಾಲರ್ ತನಕ ಹೇಳ್ತು. ನ್ಯೂಜೆರ್ಸಿಯವರು ನೆವಾರ್ಕ್ ಊರಿಗೋಸ್ಕರ 700 ಕೋಟಿ ಡಾಲರ್. ಅರ್ಜಿಗಳನ್ನ ಸೋಸಿ ಕಂಪನಿ ಮಾಡಿದ 20 ಊರಿನ ಪಟ್ಟಿ ತನಕ ಇಬ್ಬರೂ ಬಂದ್ರು, ಅಲ್ಲಿಗೆ ಮುಗೀತು. 2018ರ ನವೆಂಬರ್ 13ಕ್ಕೆ ರಿಸಲ್ಟ್ ಬಂದಾಗ ಒಂದು ಹೆಡ್‌ಕ್ವಾರ್ಟರ್ಸ್ ಎರಡಾಗಿತ್ತು, ತಲಾ 25,000 ಕೆಲಸ: ಅರ್ಧ ನ್ಯೂಯಾರ್ಕಿನ ಕ್ವೀನ್ಸ್‌ಗೆ, ಅರ್ಧ ವಾಷಿಂಗ್ಟನ್ ಪಕ್ಕದ ವರ್ಜೀನಿಯಾದ ಆರ್ಲಿಂಗ್‌ಟನ್‌ಗೆ. ವರ್ಜೀನಿಯಾ ಕಂಪನಿಗೆ ನೇರವಾಗಿ ಕೊಡ್ತೀನಿ ಅಂದಿದ್ದು ಎಷ್ಟು ಗೊತ್ತಾ? 57.3 ಕೋಟಿ ಡಾಲರ್. ನೆವಾರ್ಕ್‌ನವರು ಅಂದಿದ್ದರ ಹತ್ತನೇ ಒಂದು ಭಾಗಾನೂ ಇಲ್ಲ. ಇನ್ನೊಂದು ಕಡೆ ಕೆನಡಾದ ಟೊರಾಂಟೊ, ನಯಾಪೈಸೆ ಹೊಸ ರಿಯಾಯಿತಿ ಇಲ್ಲ ಅಂತ ಹೇಳಿ, ಅರ್ಜೀನೂ ಊರಿಗೆಲ್ಲ ಕಾಣೋ ಹಾಗೆ ಇಟ್ಟು, ಆ 20ರ ಪಟ್ಟೀಲಿ ಜಾಗ ಹಿಡೀತು. ಡೆಟ್ರಾಯಿಟ್‌ಗೆ ಪಟ್ಟೀಲೂ ಜಾಗ ಸಿಗ್ಲಿಲ್ಲ. ಕೆಲಸಕ್ಕೆ ಬೇಕಾದಷ್ಟು ಕಲಿತ ಜನ ಇಲ್ಲ ಅನ್ನೋದೇ ದೊಡ್ಡ ಕಾರಣ ಅಂತ ಅಲ್ಲಿನವರೇ ಆಮೇಲೆ ಹೇಳ್ಕೊಂಡ್ರು.

ಆರ್ಲಿಂಗ್‌ಟನ್‌ನಲ್ಲಿ ಅಂಥದ್ದೇನಿತ್ತು ಅಂದ್ರೆ, ಅಮೆಜಾನ್ ಆರಿಸ್ಕೊಂಡ ಕ್ರಿಸ್ಟಲ್ ಸಿಟಿ ಅನ್ನೋ ಪ್ರದೇಶ ಅಮೆರಿಕದ ಮಿಲಿಟರಿ ಹೆಡ್ ಆಫೀಸ್ ಪೆಂಟಗನ್ ಪಕ್ಕದಲ್ಲೇ ಇದೆ, ಮೆಟ್ರೋ ಇದೆ, ಏರ್‌ಪೋರ್ಟ್‌ಗೆ ನಡ್ಕೊಂಡೇ ಹೋಗಬಹುದು. 2005ರ ನಂತರ ಮಿಲಿಟರಿ ಕಚೇರಿಗಳು ಅಲ್ಲಿಂದ ಎದ್ದುಹೋಗಿ ಕಟ್ಟಡಗಳು ಖಾಲಿ ಬಿದ್ದಿದ್ವು, ಒಬ್ಬರೇ ದೊಡ್ಡ ಮಾಲೀಕರ ಹತ್ರ ಬೇಕಾದಷ್ಟು ಜಾಗ. ಸುತ್ತಮುತ್ತ ಸರ್ಕಾರಿ ಕಂಪ್ಯೂಟರ್ ಕೆಲಸ ಮಾಡೋ ಎಂಜಿನಿಯರ್‌ಗಳು ಲಕ್ಷಗಟ್ಟಲೆ, ಮತ್ತೆ ಸರ್ಕಾರವೇ ಗಿರಾಕಿ. ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎಗೆ ಕ್ಲೌಡ್ ಕೊಡೋ ಕಾಂಟ್ರಾಕ್ಟ್ ಅಮೆಜಾನ್‌ಗೆ 2013ರಲ್ಲೇ ಸಿಕ್ಕಿತ್ತು. ಧಣಿ ಜೆಫ್ ಬೆಜೋಸ್‌ಗೆ ವಾಷಿಂಗ್ಟನ್‌ನಲ್ಲಿ ಮನೆ ಇತ್ತು, ವಾಷಿಂಗ್ಟನ್ ಪೋಸ್ಟ್ ಪೇಪರೂ ಅವರದ್ದೇ. ಮೊದಲೇ ಫಿಕ್ಸ್ ಆಗಿತ್ತು ಅಂತ ನಾನು ಹೇಳಲ್ಲ, ಸಾಕ್ಷಿ ಇಲ್ಲ. ಆದ್ರೆ ವಾಷಿಂಗ್ಟನ್ನೂ ನ್ಯೂಯಾರ್ಕೂ ಒಳ್ಳೇದು ಅಂತ ಕಂಡ್ಹಿಡಿಯೋಕೆ 238 ಮನೆ ಉಪ್ಪಿಟ್ಟು ಕೇಸರಿಭಾತು ತಿನ್ನಬೇಕಿತ್ತಾ?

ತಿಂದಿದ್ದರಿಂದ ಲಾಭ ಬೇರೆ ಇತ್ತು ನೋಡಿ. 238 ಊರುಗಳು ಎಲ್ಲಿ ಜಾಗ ಇದೆ, ಎಷ್ಟು ತೆರಿಗೆ ಬಿಡೋಕೆ ರೆಡಿ, ಎಷ್ಟು ಜನ ಎಂಜಿನಿಯರ್‌ಗಳಿದಾರೆ ಅನ್ನೋದನ್ನೆಲ್ಲ ಫೈಲು ಮಾಡಿ ಪುಕ್ಕಟೆ ಕೊಟ್ವು. ನಾಳೆ ಗೋಡೌನೋ ಡೇಟಾ ಸೆಂಟರೋ ಕಟ್ಟೋಕೆ ಹೋದಾಗ ಎದುರು ಕೂತವರ ಕೊನೇ ರೇಟು ಇವರಿಗೆ ಮೊದಲೇ ಗೊತ್ತು. ತೆರಿಗೆ ಕಟ್ಟೋ ಜನಕ್ಕೆ ಮಾತ್ರ ಗೊತ್ತಿಲ್ಲ! ಮೇರಿಲ್ಯಾಂಡ್‌ನ ಮಾಂಟ್‌ಗೊಮರಿ ಕೌಂಟಿಯಲ್ಲಿ ನಮ್ಮ ಆರ್‌ಟಿಐ ಥರ ಅರ್ಜಿ ಹಾಕಿ ಕೇಳಿದಾಗ 10 ಪುಟ ಕೊಟ್ರು, ಹತ್ತರಲ್ಲೂ ಪ್ರತಿ ಸಾಲಿನ ಮೇಲೆ ಕಪ್ಪು ಮಸಿ ಬಳಿದಿತ್ತು.

ನ್ಯೂಯಾರ್ಕ್ ಕಥೆ ನಿಮಗೆ ಇನ್ನೂ ಇಷ್ಟ ಆಗುತ್ತೆ. ರಾಜ್ಯ, ನಗರ ಎರಡೂ ಸೇರಿ ಸುಮಾರು 300 ಕೋಟಿ ಡಾಲರ್ ರಿಯಾಯಿತಿ, ಮೇಲೆ ಹೆಲಿಪ್ಯಾಡ್‌ಗೂ ಸಹಾಯ ಮಾಡ್ತೀವಿ ಅಂತ ಒಪ್ಪಂದ. ಪಕ್ಕದಲ್ಲೇ ಅಮೆರಿಕದ ಅತಿ ದೊಡ್ಡ ಸರ್ಕಾರಿ ವಸತಿ ಬಡಾವಣೆ ಇದೆ, ಅಲ್ಲಿನ ಜನ, ಯೂನಿಯನ್‌ನವರು, ರಾಜ್ಯದ ಸೆನೆಟರ್ ಮೈಕಲ್ ಜಿಯಾನಾರಿಸ್ ಎಲ್ಲ ವಿರೋಧಿಸಿ ಎದ್ದು ನಿಂತ್ರು. 2019ರ ಫೆಬ್ರವರಿ 14ಕ್ಕೆ, ಸರಿಯಾಗಿ ಪ್ರೇಮಿಗಳ ದಿನ, ಕಂಪನಿ ನಾವು ಬರಲ್ಲ ಅಂತ ಕೈಬಿಡ್ತು. ಇಷ್ಟೇ ಆಗಿದ್ರೆ ನಿಮ್ಮ ವಾದ ಗೆಲ್ತಿತ್ತು. ಆದ್ರೆ ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ಕಂಪನಿ ಮ್ಯಾನ್‌ಹಟನ್‌ನ ಹಡ್ಸನ್ ಯಾರ್ಡ್ಸ್‌ನಲ್ಲಿ 1,500 ಜನಕ್ಕೆ ಆಫೀಸು ಬಾಡಿಗೆಗೆ ಹಿಡೀತು, ರಿಯಾಯಿತಿ ಕೇಳದೆ. ಮುಂದಿನ ವರ್ಷ ಫಿಫ್ತ್ ಅವೆನ್ಯೂನಲ್ಲಿ ಒಂದು ಹಳೇ ಡಿಪಾರ್ಟ್‌ಮೆಂಟ್ ಸ್ಟೋರಿನ ಕಟ್ಟಡಾನೇ ಕೊಂಡ್ಕೊಳ್ತು. 25,000 ಕೆಲಸ ಬರಲಿಲ್ಲ ನಿಜ, ಅದು ಸಣ್ಣ ನಷ್ಟ ಅಲ್ಲ. ಆದ್ರೆ ಯಾರೂ ಕೈಗೆ ಕಾಸು ಕೊಡದೇ ಇದ್ರೂ ಆ ಊರು ಬಿಟ್ಟು ಇರೋಕಾಗ್ಲಿಲ್ಲ, ಯಾಕಂದ್ರೆ ಕೆಲಸಕ್ಕೆ ಬೇಕಾದ ಜನ ಅಲ್ಲಿದಾರೆ.

ಇದನ್ನ ನಾನು ನಮ್ಮ ಮನೇಲೇ ನೋಡಿದೆ. ನಮ್ಮ ಅಕ್ಕನ ಮಗನಿಗೆ ಮೈಸೂರಲ್ಲಿ ಒಂದು ಒಳ್ಳೇ ಕೆಲಸ ಸಿಕ್ತು, ಸಂಬಳ ಬೆಂಗಳೂರಿನಷ್ಟೇ, ಸ್ವಂತ ಮನೆ, ಅಮ್ಮನ ಕೈ ಊಟ. ಬೇಡ ಅಂದ. ಅಕ್ಕ ಮೂರು ದಿನ ಮಾತಾಡಲಿಲ್ಲ. ಅವನು ಹೇಳಿದ್ದು ಇಷ್ಟೇ: "ಮಾವ, ಈ ಕಂಪನಿ ನಾಳೆ ಕೈಕೊಟ್ರೆ ಮೈಸೂರಲ್ಲಿ ನನ್ನ ಲೈನಲ್ಲಿ ಎರಡನೇ ಕಂಪನಿ ಯಾವುದು? ನಂಗೆ ಸಿಕ್ಕಿದ್ರೂ ಇವಳಿಗೆ?" ಅವನ ಹೆಂಡತೀನೂ ಸಾಫ್ಟ್‌ವೇರು. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಅದು ಹೋದ್ರೆ ಅದೇ ಊರಲ್ಲಿ ಇನ್ನೊಂದು, ಇದು ಇದ್ರೆ ಜನ ಬರ್ತಾರೆ, ಜನ ಇದ್ರೆ ಕಂಪನಿ ಬರುತ್ತೆ, ಕಂಪನಿ ಬಂದ್ರೆ ಇನ್ನಷ್ಟು ಜನ. ಟ್ರಾಫಿಕ್ಕಲ್ಲಿ ಎರಡು ಗಂಟೆ ಕೂತು ಬೈತಾ ಬೈತಾನೂ ಯಾರೂ ಬೆಂಗಳೂರು ಬಿಡಲ್ಲ ಯಾಕೆ ಅಂದ್ರೆ ಇದೇ.

ಹಾಗಾದ್ರೆ ಮೊದಲನೇ ಕಂಪನಿ ಬರೋದು ಹೇಗೆ? ನಿಜ ಹೇಳಬೇಕಂದ್ರೆ ಸುಮಾರು ಸಲ ಸಣ್ಣಪುಟ್ಟ ಕಾರಣಕ್ಕೆ. ಮೈಕ್ರೋಸಾಫ್ಟ್ ಶುರುವಾಗಿದ್ದು 1975ರಲ್ಲಿ ಅಲ್ಬುಕರ್ಕಿಯಲ್ಲಿ, 1979ರಲ್ಲಿ ಸಿಯಾಟಲ್ ಕಡೆಗೆ ಬಂದಿದ್ದು ಬಿಲ್ ಗೇಟ್ಸ್ ಮತ್ತೆ ಪಾಲ್ ಆಲನ್ ಇಬ್ಬರದೂ ಅದೇ ಊರು ಅಂತ. 15 ವರ್ಷ ಆದ್ಮೇಲೆ ಬೆಜೋಸ್ ಸಿಯಾಟಲ್ ಆರಿಸ್ಕೊಂಡಾಗ ಮೈಕ್ರೋಸಾಫ್ಟ್‌ನಿಂದಾಗಿ ಅಲ್ಲಿ ಎಂಜಿನಿಯರ್‌ಗಳಿದ್ರು, ಪುಸ್ತಕದ ದೊಡ್ಡ ಗೋಡೌನು ಹತ್ರ ಇತ್ತು, ಜೊತೆಗೆ ಚಿಕ್ಕ ರಾಜ್ಯ ಆದ್ರೆ ಅಲ್ಲೇ ಇದ್ದು ಸೇಲ್ಸ್ ಟ್ಯಾಕ್ಸ್ ಕಟ್ಟೋ ಗಿರಾಕಿಗಳು ಕಡಿಮೆ ಅನ್ನೋ ಲೆಕ್ಕ. (ತೆರಿಗೆ ಲೆಕ್ಕ ಇರಲೇ ಇಲ್ಲ ಅಂತ ನಾನು ಯಾವತ್ತೂ ಹೇಳಲ್ಲ ಮಾಸ್ತರರೇ.) ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದಿದ್ದು ಅಲ್ಲಿನ ಮೈಕೋ (ಈಗಿನ ಬಾಷ್) ಕಂಪನಿ ಗಿರಾಕಿ ಆಗಿದ್ದಕ್ಕೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗ ಅವರ ಆಂಟೆನಾ ಎತ್ತಿನ ಗಾಡೀಲಿ ಹೋಗಿದ್ದು ಎಲ್ಲರೂ ಹೇಳೋ ಕಥೆ. ಆ ಗಾಡಿಗಿಂತ ಮುಂಚೆ ಟಾಟಾ ಇನ್‌ಸ್ಟಿಟ್ಯೂಟು (ಐಐಎಸ್‌ಸಿ), ಎಚ್‌ಎಎಲ್, ಟೆಲಿಫೋನ್ ಮಾಡೋ ಐಟಿಐ, ಬಿಇಎಲ್ ದಶಕಗಟ್ಟಲೆ ಜನರನ್ನ ತಯಾರು ಮಾಡಿಟ್ಟಿದ್ವು, ಅದನ್ನ ಯಾರೂ ಹೇಳಲ್ಲ.

ಬರೀ ಜಾಗ, ಕರೆಂಟು, ನೀರು ಬೇಕಾಗೋ ಕೆಲಸಕ್ಕೆ ರಿಯಾಯಿತಿ ಕೆಲಸ ಮಾಡುತ್ತೆ, ಅದನ್ನ ಒಪ್ಕೊಳ್ತೀನಿ. ಗೋಡೌನು, ಡೇಟಾ ಸೆಂಟರು, ಫ್ಯಾಕ್ಟರಿ. ಅಲ್ಲಿ ಖರ್ಚಲ್ಲಿ ದೊಡ್ಡ ಪಾಲೇ ಜಾಗ, ಕರೆಂಟಿಂದು. ಹೆಡ್ ಆಫೀಸಲ್ಲಿ ಖರ್ಚೆಲ್ಲ ಸಂಬಳದ್ದು, ಎಕರೆಗೆ ಒಂದು ರೂಪಾಯಿ ಆದ್ರೇನು ಒಂದು ಕೋಟಿ ಆದ್ರೇನು, ಬೇಕಾದ ಹತ್ತು ಸಾವಿರ ಜನ ಸಿಗದಿದ್ರೆ ಆ ಜಾಗದಲ್ಲಿ ಹುಲ್ಲು ಬೆಳೆಯುತ್ತೆ. ವಿಶಾಖಪಟ್ಟಣದ 99 ಪೈಸೆ ಕಥೆ 2025ರ ಏಪ್ರಿಲ್‌ದು, ಅದು ಫಲ ಕೊಡ್ತೋ ಇಲ್ವೋ ಹೇಳೋಕೆ ಇನ್ನೂ ಟೈಮ್ ಬೇಕು.

ನೀವು ಮಂತ್ರಿಗಳಿಗೆ ಕೊಡೋ ಮನವಿಯ ಡ್ರಾಫ್ಟ್ ಕಳಿಸಿ ತಿದ್ದಿಕೊಡಿ ಅಂದಿದೀರ. ಕಾಗುಣಿತ ತಿದ್ದೋ ಧೈರ್ಯ ನನಗಿಲ್ಲ, ನೀವು ಮೇಷ್ಟ್ರು. ಆದ್ರೆ ಎರಡನೇ ಪ್ಯಾರಾ, ಆ 99 ಪೈಸೆದು, ತೆಗೆದು ಅಲ್ಲಿ ವರ್ಜೀನಿಯಾ ಮಾಡಿದ್ದನ್ನ ಹಾಕಿ. ಅವರು ದುಡ್ಡಿನ ದೊಡ್ಡ ಪಾಲು ಅಮೆಜಾನ್‌ಗೆ ಕೊಡದೆ ತಮ್ಮ ಯೂನಿವರ್ಸಿಟಿಗಳಿಗೆ ಹಾಕಿದ್ರು, 20 ವರ್ಷದಲ್ಲಿ 25,000ಕ್ಕಿಂತ ಹೆಚ್ಚು ಜನ ಹೆಚ್ಚುವರಿ ಕಂಪ್ಯೂಟರ್ ಪದವೀಧರರು ಅಂತ ಲೆಕ್ಕ, ವರ್ಜೀನಿಯಾ ಟೆಕ್‌ಗೆ ಹತ್ತಿರದಲ್ಲೇ ಹೊಸ ಕ್ಯಾಂಪಸ್ಸು. ಅಮೆಜಾನ್ ಬರದೇ ಹೋಗಿದ್ರೂ ಆ ಹುಡುಗರು ಅಲ್ಲೇ ಇರ್ತಿದ್ರು. ಕಂಪನಿಗೆ ಅಂತ ಇಟ್ಟ ದುಡ್ಡಿಗೂ ಷರತ್ತು: ಮೊದಲು ಕೆಲಸ ಕೊಡು, ಸರಾಸರಿ ಸಂಬಳ 1.5 ಲಕ್ಷ ಡಾಲರ್ ಇರಲಿ, ಆಮೇಲೆ ಒಂದೊಂದು ಕೆಲಸಕ್ಕೆ 22,000 ಡಾಲರ್ ಥರ ತಗೋ. ಈ ಷರತ್ತಿನ ಬೆಲೆ ಗೊತ್ತಾಗಿದ್ದು 2023ರಲ್ಲಿ. ಮೊದಲ ಹಂತದ ಕಟ್ಟಡ ಜೂನ್‌ನಲ್ಲಿ ಓಪನ್ ಆಯ್ತು, ಸುಮಾರು 8,000 ಜನ, ಆದ್ರೆ ಅಷ್ಟರಲ್ಲಾಗಲೇ ಎರಡನೇ ಹಂತ ಸದ್ಯಕ್ಕೆ ಬೇಡ ಅಂತ ಕಂಪನಿ ನಿಲ್ಲಿಸಿತ್ತು. ಮೊದಲೇ ಚೆಕ್ ಬರೆದುಕೊಟ್ಟಿದ್ರೆ ಏನಾಗ್ತಿತ್ತು ಅಂತ ನೀವೇ ಲೆಕ್ಕ ಹಾಕಿ. ಮನವೀಲಿ ಏನೇ ಕೇಳಿದ್ರೂ ಒಪ್ಪಂದದ ಪ್ರತಿ ಜನಕ್ಕೆ ಸಿಗಬೇಕು ಅನ್ನೋ ಸಾಲು ಮಾತ್ರ ಬಿಡಬೇಡಿ, ಮಸಿ ಬಳಿಯದ ಪ್ರತಿ.

ಕೊನೇದಾಗಿ, ಎರಡು ಸಂಚಿಕೆ ಬಂದಿಲ್ಲ ಅಂತ ಬರೆದಿದ್ರಲ್ಲ, ನೋಡಿದೆ, ನಮ್ಮ ಚಂದಾ ಪಟ್ಟೀಲಿ ನಿಮ್ಮ ಪಿನ್‌ಕೋಡಿನ ಒಂದು ಅಂಕಿ ತಪ್ಪಾಗಿತ್ತು. ಸರಿ ಮಾಡ್ಸಿದೀನಿ, ಎರಡೂ ಪ್ರತಿ ಸೋಮವಾರದ ಪೋಸ್ಟಿಗೆ ಹಾಕಿಸ್ತೀನಿ.

ನಿಮ್ಮ,
ಸಂಪಾದಕ