ಗ್ಯಾರೇಜ್ ಕಟ್ಟೆ: ದಿಣ್ಣೆ ಹತ್ತದ ಆರ್‌ಎಕ್ಸ್

ಪ್ರಶ್ನೆ: ಮಾನ್ಯರೇ, ನನ್ನದು 1994ರ ಯಮಹಾ ಆರ್‌ಎಕ್ಸ್ 100. ತೋಟದ ದಾರಿಗಳಲ್ಲಿ ಓಡಿಸಲು, ವರ್ಷಕ್ಕೆ ಒಂದೆರಡು ಬಾರಿ ಡರ್ಟ್ ರೇಸಿಗೆ ಇಳಿಸಲು ಎಂದು ಕಳೆದ ಬೇಸಿಗೆಯಲ್ಲಿ ಪೂರಾ ಬದಲಾಯಿಸಿದೆ. ಬ್ಲಾಕಿಗೆ ಪೋರ್ಟಿಂಗ್ ಆಗಿದೆ, ಅಂದರೆ ಸಿಲಿಂಡರಿನ ಗೋಡೆಯಲ್ಲಿ ಮಿಶ್ರಣ, ಹೊಗೆ ಹಾಯುವ ತೂತುಗಳನ್ನು ಉಜ್ಜಿ ಬದಲಾಯಿಸಿದ್ದಾರೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟನ್ನು ಒಂದೂವರೆ ಮಿಲಿಮೀಟರ್ ಮೇಲಕ್ಕೆ ಎತ್ತಿದ್ದಾರಂತೆ. ಮೊದಲಿದ್ದ 20 ಮಿ.ಮೀ. ಕಾರ್ಬುರೇಟರ್ ತೆಗೆದು 26 ಮಿ.ಮೀ.ನದು ಹಾಕಿಸಿದೆ. ಎಕ್ಸ್‌ಪಾನ್ಷನ್ ಸೈಲೆನ್ಸರ್, ಹಿಂದಕ್ಕೆ ಎತ್ತರದ ಆಫ್‌ರೋಡ್ ಟೈರ್ ಕೂಡ ಬಂದವು. ಬಯಲಿನಲ್ಲಿ ಗಾಡಿ ಹಾರುತ್ತದೆ. ಆದರೆ ಹಳ್ಳ ದಾಟಿ ಎರಡನೇ ಗೇರಿನಲ್ಲಿ ದಿಣ್ಣೆ ಏರುವಾಗ ‘ಬ್ವಾ’ ಎಂದು ಸದ್ದು ಮಾಡಿ ಸಾಯುತ್ತದೆ. ಹಾಫ್ ಕ್ಲಚ್ ಹಿಡಿದು ಕಿರುಚಿಸಿದರೆ ಒಮ್ಮೆಲೇ ಎದ್ದು ಮುಂದಿನ ಚಕ್ರ ಗಾಳಿಯಲ್ಲಿರುತ್ತದೆ. ಪಿಕಪ್ ಬರಲು ಇನ್ನೇನು ಹಾಕಿಸಬೇಕು?
— ಓದುಗ, ಮೂಡಿಗೆರೆ

ಉತ್ತರ: ಇನ್ನೇನೂ ಹಾಕಿಸಬೇಡಿ. ಹಾಕಿಸಿದ್ದನ್ನು ಒಂದೊಂದಾಗಿ ಬಿಚ್ಚಬೇಕು. ನಿಮ್ಮ ಗಾಡಿಯ ಶಕ್ತಿ ಎಲ್ಲಿಗೂ ಹೋಗಿಲ್ಲ. ನೀವೇ ಅದನ್ನು ಅಟ್ಟದ ಮೇಲೆ ಇರಿಸಿ ಏಣಿ ತೆಗೆದಿದ್ದೀರಿ.

ಬೇಸರ ಮಾಡಿಕೊಳ್ಳಬೇಡಿ, ಇದೇ ಕೆಲಸವನ್ನು ನಾನು 1989ರಲ್ಲಿ ಮಾಡಿದ್ದೆ. ಆಗಷ್ಟೇ ಗ್ಯಾರೇಜಿಗೆ ಸೇರಿದ್ದ ಹುಡುಗ ನಾನು. ರಾತ್ರಿ ನಲವತ್ತು ವ್ಯಾಟಿನ ಬಲ್ಬಿನ ಕೆಳಗೆ ಕುಳಿತು, ದುಂಡನೆಯ ಅರ ಹಿಡಿದು ನನ್ನ ಆರ್‌ಎಕ್ಸ್‌ನ ಎಕ್ಸಾಸ್ಟ್ ಪೋರ್ಟನ್ನು ಕಣ್ಣಳತೆಯಲ್ಲೇ ಉಜ್ಜಿದೆ. ಮರುವಾರ ಕೊಯ್ಲಾದ ಗದ್ದೆಯಲ್ಲಿ ರೇಸು. ಬಾವುಟ ಬಿತ್ತು, ಉಳಿದವರೆಲ್ಲ ಮೊದಲ ತಿರುವು ದಾಟಿದರು, ನಾನು ಮಾತ್ರ ಇದ್ದಲ್ಲೇ ಕ್ಲಚ್ ಉಜ್ಜುತ್ತಿದ್ದೆ. ಮೂರನೇ ಸುತ್ತಿಗೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಗಾಡಿ ತಳ್ಳಿಕೊಂಡು ಬಂದವನ ಬ್ಲಾಕ್ ಬಿಚ್ಚಿ ನೋಡಿದ ನಮ್ಮ ಹಿರಿಯ ಮೇಸ್ತ್ರಿ ಕೇಳಿದ್ದು ಒಂದೇ ಮಾತು: “ಕಬ್ಬಿಣ ತೆಗೆಯುವುದಕ್ಕೆ ಅರ ಇದೆ. ಹಾಕುವುದಕ್ಕೆ ಏನು ತಂದಿದ್ದೀಯ?”

ಈಗ ನಿಮ್ಮ ಗಾಡಿಗೆ ಬರೋಣ. ಕಂಪನಿಯಿಂದ ಬಂದಾಗ ಆರ್‌ಎಕ್ಸ್ 100 ಎಂದರೆ 98 ಸಿಸಿ, ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 50 ಮಿ.ಮೀ., 7,500 ಆರ್‌ಪಿಎಂನಲ್ಲಿ 11 ಅಶ್ವಶಕ್ತಿ. ಗೇರು ನಾಲ್ಕೇ. ಇಷ್ಟು ಸಣ್ಣ ಇಂಜಿನ್ ಇಬ್ಬರನ್ನು ಹೊತ್ತು ಘಾಟಿ ಏರುತ್ತಿದ್ದದ್ದು ಅದರ ಪೋರ್ಟು, ಕಾರ್ಬುರೇಟರು, ಸೈಲೆನ್ಸರು ಮೂರೂ ಒಂದಕ್ಕೊಂದು ಒಪ್ಪಿಕೊಂಡು ಕೂತಿದ್ದರಿಂದ. ನೀವು ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದೀರಿ. ಆದ್ದರಿಂದ ತಪ್ಪು ಯಾರದೆಂದು ಹುಡುಕುವಾಗ ಬಿಡಿಬಿಡಿಯಾಗಿ ನೋಡಬೇಕು.

ಮೊದಲು ಸೈಲೆನ್ಸರ್. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂದರೆ ಅರ್ಧ ಇಂಜಿನ್. ಪೋರ್ಟ್ ತೆರೆದೊಡನೆ ಹೊರಟ ಒತ್ತಡದ ಅಲೆ ಪೈಪಿನ ಹೊಟ್ಟೆ ದಾಟಿ, ಹಿಂದಿನ ಕೋನ್‌ಗೆ ಬಡಿದು ವಾಪಸ್ ಬರುತ್ತದೆ. ಸುಡದೆ ಹೊರಗೆ ನುಸುಳಿದ ಹೊಸ ಮಿಶ್ರಣವನ್ನು ಅದು ಪೋರ್ಟ್ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಸಿಲಿಂಡರಿನೊಳಕ್ಕೆ ತಳ್ಳಬೇಕು. ಪೈಪಿನ ಉದ್ದ ಬದಲಾಗುವುದಿಲ್ಲವಾದ್ದರಿಂದ ಈ ಲೆಕ್ಕ ಒಂದು ಆರ್‌ಪಿಎಂ ಪಟ್ಟಿಯಲ್ಲಿ ಮಾತ್ರ ಕೂಡಿಬರುತ್ತದೆ. ಅದಕ್ಕಿಂತ ಕೆಳಗೆ ಅಲೆ ಬೇಗ ಬಂದುಬಿಡುತ್ತದೆ, ಸಿಲಿಂಡರ್ ತುಂಬುವ ಹೊತ್ತಿಗೆ ಅಡ್ಡ ನಿಲ್ಲುತ್ತದೆ. ನಿಮಗೆ ಕೇಳಿಸುವ ‘ಬ್ವಾ’ ಬಹುಪಾಲು ಅದೇ. ಗಾಡಿ ಒಮ್ಮೆಲೇ ಏಳುವುದು ಅಲೆಯ ಹೊತ್ತು ಕೂಡಿಬಂದಾಗ.

ಹಾಗಾಗಿ ಪರಿಚಯದವರ ಬಳಿ ಸ್ಟಾಕ್ (ಕಂಪನಿಯಿಂದ ಬಂದ) ಸೈಲೆನ್ಸರ್ ಅರ್ಧ ದಿನಕ್ಕೆ ಕೇಳಿ ತಂದು ಹಾಕಿ, ಅದೇ ಹಳ್ಳ, ಅದೇ ದಿಣ್ಣೆ, ಅದೇ ಎರಡನೇ ಗೇರಿನಲ್ಲಿ ಏರಿಸಿ. ಗಾಡಿ ಏರಿದರೆ ನಿಮ್ಮ ಪೈಪು ಟಾರು ರಸ್ತೆಯ ವೇಗಕ್ಕೆ ಮಾಡಿದ್ದು, ಮಣ್ಣಿಗಲ್ಲ. ಅದನ್ನೇ ಉಳಿಸಿಕೊಳ್ಳುವ ಆಸೆಯಿದ್ದರೆ ಬೆಂಡಿನ ಹತ್ತಿರ ಕತ್ತರಿಸಿ ಒಂದು ತುಂಡು ಸೇರಿಸಿ ಬೆಸುಗೆ ಹಾಕಿಸಬಹುದು. ಪೈಪು ಉದ್ದವಾದಷ್ಟೂ ಶಕ್ತಿಯ ಪಟ್ಟಿ ಕೆಳಗಿಳಿಯುತ್ತದೆ. ಒಮ್ಮೆಗೆ ಹತ್ತು ಮಿಲಿಮೀಟರಿನಂತೆ ನೋಡುತ್ತಾ ಹೋಗಿ.

ಎರಡನೆಯದು ಕಾರ್ಬುರೇಟರ್. ಇಪ್ಪತ್ತರಿಂದ ಇಪ್ಪತ್ತಾರು ಎಂದರೆ ಆರೇ ಮಿಲಿಮೀಟರ್ ಎನ್ನಿಸುತ್ತದೆ. ಆದರೆ ದಾರಿಯ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ, ಶೇ 69ರಷ್ಟು ಹೆಚ್ಚಾಗಿದೆ. ಕಡಿಮೆ ಆರ್‌ಪಿಎಂನಲ್ಲಿ ಇಂಜಿನ್ ಎಳೆಯುವ ಗಾಳಿ ಮೊದಲಿನಷ್ಟೇ. ಅಗಲವಾದ ದಾರಿಯಲ್ಲಿ ಅದು ನಿಧಾನವಾಗಿ ಹರಿಯುತ್ತದೆ, ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲನ್ನು ಮೇಲೆತ್ತುವ ಬಲ ಇರುವುದಿಲ್ಲ, ಎತ್ತಿದ್ದೂ ಮಂಜಾಗದೆ ಹನಿಹನಿಯಾಗಿ ಒಳಗೆ ಬೀಳುತ್ತದೆ. ನೂರು ಸಿಸಿಗೆ, ಅದರಲ್ಲೂ ಏರುದಾರಿಗೆ, ಹಳೆಯ ಕಾರ್ಬುರೇಟರೇ ಸಾಕು. ಮಾರಿಬಿಟ್ಟಿಲ್ಲ ತಾನೇ?

ನೀವಿರುವುದು ಮಲೆನಾಡು. ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ. ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು. ಬಯಲುಸೀಮೆಯಲ್ಲಿ ಕೂಡಿಸಿದ ಜೆಟ್ ನಿಮ್ಮಲ್ಲಿ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಕಾಲುಭಾಗಕ್ಕಿಂತ ಕಡಿಮೆ ಆಕ್ಸಿಲರೇಟರಿನಲ್ಲಿ ಗಾಡಿ ನಡೆಯುವುದು ಪೈಲಟ್ ಜೆಟ್ ಮತ್ತು ಗಾಳಿ ಸ್ಕ್ರೂ ಮೇಲೆ, ಮಧ್ಯದಲ್ಲಿ ನೀಡಲ್ ಮೇಲೆ. ಮೇನ್ ಜೆಟ್ ಕೆಲಸಕ್ಕೆ ಬರುವುದು ಪೂರ್ತಿ ತಿರುವಿದಾಗ. ಪಿಕಪ್ ಇಲ್ಲವೆಂದು ಬಂದ ಗಾಡಿಗೆ ಎಲ್ಲರೂ ಮೇನ್ ಜೆಟ್ ಬದಲಾಯಿಸುವುದು ಏಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ನೀಡಲ್ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದರೆ ನೀಡಲ್ ಕೆಳಗಿಳಿದು ಮಿಶ್ರಣ ತೆಳುವಾಗುತ್ತದೆ. ಪ್ಲಗ್ಗಿನ ತುದಿ ಕಪ್ಪಗೆ ಒದ್ದೆಯಾಗಿದ್ದರೆ ಮಾತ್ರ ಹಾಗೆ ಮಾಡಿ. ಬೆಳ್ಳಗೆ ಒಣಗಿದ್ದರೆ ಮುಟ್ಟಬೇಡಿ, ಪಿಸ್ಟನ್ ಹಿಡಿದುಕೊಂಡೀತು.

ಇವೆರಡೂ ಆದ ಮೇಲೂ ದಿಣ್ಣೆ ಹತ್ತದಿದ್ದರೆ ಗಾಳಿ ಎಲ್ಲಿ ನುಸುಳುತ್ತಿದೆ ಎಂದು ನೋಡಬೇಕು. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸ್ ಒಂದು ಪಂಪು. ಸೈಕಲ್ ಪಂಪಿನ ವಾಷರ್ ಒಣಗಿದರೆ ಹೇಗೋ ಹಾಗೆ, ಸೀಲ್ ಹೋದರೆ ನಿಧಾನದ ಹೊಡೆತಕ್ಕೆ ಗಾಳಿ ತುಂಬುವುದಿಲ್ಲ, ಜೋರಾಗಿ ಹೊಡೆದರೆ ಹೇಗೋ ತುಂಬುತ್ತದೆ. ಮಿಶ್ರಣ ವಾಪಸ್ ಹೋಗದಂತೆ ತಡೆಯುವ ರೀಡ್ ವಾಲ್ವ್ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿಯಿರಿ. ರೆಕ್ಕೆ ಮುರಿದಿದ್ದರೆ, ಅಂಚಿನಲ್ಲಿ ಬೆಳಕು ಹಾಯ್ದರೆ ಬದಲಾಯಿಸಿ. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಹೋದರೆ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಕಿರುಚುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ದಿನೇ ದಿನೇ ಕಡಿಮೆಯಾಗಿ ಬಿಳಿ ಹೊಗೆ ಬರುತ್ತದೆ. ಇನ್‌ಟೇಕ್ ರಬ್ಬರ್, ಅದಕ್ಕೆ ಸೇರಿದ ಪುಟ್ಟ ಬೂಸ್ಟ್ ಬಾಟಲಿ ಇನ್ನೂ ಉಳಿದಿದ್ದರೆ ಅದರ ಕೊಳವೆ, ಎರಡರಲ್ಲೂ ಬಿರುಕು ಹುಡುಕಿ. ಒಳ್ಳೆಯ ಗ್ಯಾರೇಜಾದರೆ ಇನ್‌ಟೇಕು, ಎಕ್ಸಾಸ್ಟು ಎರಡನ್ನೂ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ ನೋಡುತ್ತಾರೆ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು.

ಕೊನೆಗೆ ಪೋರ್ಟ್. ಈ ಸ್ಟ್ರೋಕಿಗೆ ಎಕ್ಸಾಸ್ಟ್ ಪೋರ್ಟನ್ನು 1 ಮಿ.ಮೀ. ಎತ್ತಿದರೆ ಅದು ತೆರೆದಿರುವ ಅವಧಿ, ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ, ಸುಮಾರು ನಾಲ್ಕೈದು ಡಿಗ್ರಿ ಹೆಚ್ಚುತ್ತದೆ. ನಿಮ್ಮ ಒಂದೂವರೆಗೆ ಏಳರ ಆಸುಪಾಸು. ಬೇಗ ತೆರೆಯುವುದರಿಂದ ತಳ್ಳುವ ಹೊಡೆತ ಅರ್ಧಕ್ಕೇ ಹೊರಗೆ ಹೋಗುತ್ತದೆ, ತಡವಾಗಿ ಮುಚ್ಚುವುದರಿಂದ ಹಿಡಿದಿಡುವ ಮಿಶ್ರಣ ಕಡಿಮೆಯಾಗುತ್ತದೆ. ಸ್ಟಾಕ್ ಸೈಲೆನ್ಸರು, ಸಣ್ಣ ಕಾರ್ಬುರೇಟರು ಎರಡೂ ಹಾಕಿದ ಮೇಲೆ ಉಳಿಯುವ ನಷ್ಟ ಈ ಪೋರ್ಟಿನದು. ಲೇತಿನಲ್ಲಿ ಬ್ಲಾಕಿನ ತಳವನ್ನು ಸ್ವಲ್ಪ ತೆಗೆಸಿ ಎಲ್ಲ ಪೋರ್ಟುಗಳನ್ನೂ ಕೆಳಗಿಳಿಸಬಹುದು, ಆದರೆ ಆಗ ಹೆಡ್ಡಿಗೆ ಪಿಸ್ಟನ್ ತಗಲದಂತೆ ಅಷ್ಟೇ ಜಾಗ ಬಿಡಿಸಬೇಕು. ಅಳತೆ ಗೊತ್ತಿರುವವರು ಇಲ್ಲದಿದ್ದರೆ ಹೊಸ ಸ್ಲೀವ್ (ಸಿಲಿಂಡರಿನ ಒಳಕೊಳವೆ) ಹಾಕಿಸುವುದೇ ಮೇಲು. ನಾನು ಅಂದು ಮಾಡಿದ್ದು ಅದನ್ನೇ. ಎರಡು ತಿಂಗಳ ಸಂಬಳ ಹೋಯಿತು.

ಇದರ ನಡುವೆ ಸ್ಪ್ರಾಕೆಟ್ ಮರೆಯಬೇಡಿ. ಮುಂದಿನದು 14 ಹಲ್ಲಿದ್ದರೆ 13ಕ್ಕೆ ಇಳಿಸಿ. ಎಲ್ಲ ಗೇರಿಗೂ ಶೇ 7ಕ್ಕಿಂತ ಸ್ವಲ್ಪ ಹೆಚ್ಚು ಎಳೆತ ಸಿಗುತ್ತದೆ. ನಿಮ್ಮ ಎತ್ತರದ ಟೈರ್ ಇದಕ್ಕೆ ತಿರುಗುಮುರುಗಾದ ಕೆಲಸ ಮಾಡುತ್ತಿದೆ ಎಂಬುದನ್ನು ಯಾರೂ ಹೇಳಲಿಲ್ಲವೇ? ಅಂದ ಹಾಗೆ, ಹೀಗೆ ಬದಲಾಯಿಸಿದ ಗಾಡಿ ತೋಟದ ಗೇಟಿನೊಳಗೇ ಇರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ರಸ್ತೆಯಲ್ಲಿ ಇದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಹಳೆಯ ಟೂ ಸ್ಟ್ರೋಕಿಗೆ ಆಯಿಲ್ ಜಾಸ್ತಿ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾರೆ, ನಿಜವೇ?
— ಓದುಗ, ತೀರ್ಥಹಳ್ಳಿ

ಉತ್ತರ: ಹೆಚ್ಚುವುದು ಹೊಗೆ. ಲೀಟರಿಗೆ 20 ಮಿ.ಲೀ. ಎಂದರೆ 50:1, 40 ಮಿ.ಲೀ. ಎಂದರೆ 25:1. ಜೆಟ್ಟಿನ ತೂತು ಇದ್ದಷ್ಟೇ ಇರುತ್ತದೆ. ಆಯಿಲ್ ಹೆಚ್ಚಿದಷ್ಟೂ ಅದರಲ್ಲಿ ಹಾಯುವ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಕಂಪನಿ ಹೇಳಿದ ಅಳತೆಗೆ ನಿಲ್ಲಿ.

ಪ್ರಶ್ನೆ: ನನ್ನ ಗಾಡಿಗೆ ಏನೂ ಬದಲಾಯಿಸಿಲ್ಲ, ಆದರೂ ವರ್ಷದಿಂದ ವರ್ಷಕ್ಕೆ ಎಳೆತ ಕುಗ್ಗುತ್ತಿದೆ. ಸಿಲಿಂಡರಿನ ಒಳಮೈ ಕೊರೆಸಿ ಬೋರ್ ಮಾಡಿಸಲು ಹೇಳುತ್ತಿದ್ದಾರೆ.
— ಓದುಗಿ, ಸಾಗರ

ಉತ್ತರ: ಬೋರ್ ಮಾಡಿಸುವ ಮೊದಲು ಸೈಲೆನ್ಸರಿನ ಹಿಂಬದಿಯ ಬೋಲ್ಟ್ ಬಿಚ್ಚಿ ಒಳಗಿನ ಬ್ಯಾಫಲ್ (ತೂತುಗಳಿರುವ ಕೊಳವೆ) ಎಳೆದು ನೋಡಿ. ತೂತುಗಳು ಮಸಿಯಿಂದ ಮುಚ್ಚಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಸೈಲೆನ್ಸರ್ ಕಳಚಿದ್ದಾಗಲೇ ಎಕ್ಸಾಸ್ಟ್ ಪೋರ್ಟಿಗೂ ಟಾರ್ಚ್ ಬಿಡಿ. ಅಲ್ಲಿ ಕಾರ್ಬನ್ ಕಟ್ಟಿದ್ದರೆ ಪಿಸ್ಟನ್ನನ್ನು ಮೇಲೇರಿಸಿ, ಪೋರ್ಟ್ ಮುಚ್ಚಿದ ಮೇಲೆ ಮರದ ಕಡ್ಡಿಯಿಂದ ಕೆರೆಯಿರಿ. ಬ್ಯಾಫಲ್ಲನ್ನು ಕೆಂಡದಲ್ಲಿ ಸುಟ್ಟು ತಂತಿ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಇಡೀ ಸೈಲೆನ್ಸರನ್ನೇ ಬೆಂಕಿಗೆ ಹಾಕುವವರಿದ್ದಾರೆ, ಕ್ರೋಮ್ ನೀಲಿಯಾಗಿ ಆಮೇಲೆ ಬಂದು ಅಳುತ್ತಾರೆ. ಕಾಸ್ಟಿಕ್ ಸೋಡಾ ಬಳಸುವುದಾದರೆ ಕೈಗವಸು, ಕನ್ನಡಕ ಇರಲಿ, ಅಲ್ಯೂಮಿನಿಯಂ ಭಾಗಗಳಿಗೆ ಒಂದು ಹನಿಯೂ ತಾಗದಿರಲಿ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ಇಷ್ಟಾದರೂ ಎಳೆಯದಿದ್ದರೆ ಕಂಪ್ರೆಷನ್ ಗೇಜ್ ಹಾಕಿಸಿ; 100 ಪಿಎಸ್‌ಐಗಿಂತ ಕೆಳಗಿದ್ದರೆ ಆಗ ರಿಂಗು, ಬೋರಿನ ಮಾತು. ಬ್ಯಾಫಲ್ ಬೋಲ್ಟ್ ಸಣ್ಣದು, ಬಿಚ್ಚಿದೊಡನೆ ಒಂದು ಬಟ್ಟಲಿಗೆ ಹಾಕಿಡಿ.