ಕೂಗದಿದ್ದರೆ ಒಪ್ಪಿದಂತೆಯೇ?

ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಅತ್ಯಾಚಾರದ ದೂರು ಕೊಟ್ಟ ಹೆಣ್ಣಿನ ಮಾತಿಗೆ ಬೆಲೆ ಕೊಡಿ ಎಂದಿರಿ. ಆರೋಪಿಗೂ ಒಳ್ಳೆಯ ವಕೀಲರು ಸಿಗಬೇಕು ಎಂದೂ ಬರೆದಿರಿ. ಎರಡು ದೋಣಿಯಲ್ಲಿ ಕಾಲಿಡಬೇಡಿ. ಕೂಗಲಿಲ್ಲ, ಮೈಮೇಲೆ ಗಾಯವಿಲ್ಲ ಎಂದ ಮೇಲೆ ಅದು ಬಲಾತ್ಕಾರ ಹೇಗೆ? ಪ್ರೀತಿಸಿ ಓಡಿಹೋದ ಹುಡುಗರನ್ನೂ ಜೈಲಿಗೆ ಹಾಕುವುದು ಯಾವ ನ್ಯಾಯ?
– ಪ್ರೌಢಶಾಲಾ ಶಿಕ್ಷಕರೊಬ್ಬರು, ರಾಣೆಬೆನ್ನೂರು

ಉತ್ತರ: ಮಾನ್ಯರೇ, ಕೂಗಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನನ್ನನ್ನು ನೋಯಿಸಿತು. ಗದಗ ಜಿಲ್ಲೆಯ ತಾಯಿಯೊಬ್ಬರು ಹಿಂದೊಮ್ಮೆ ನಮ್ಮ ಕಚೇರಿಗೆ ಬಂದು, "ನನ್ನ ಮಗಳಿಗೆ ಆ ಹೊತ್ತಿನಲ್ಲಿ ನಾಲಿಗೆಯೇ ಏಳಲಿಲ್ಲ, ಊರೆಲ್ಲ ಯಾಕೆ ಕೂಗಲಿಲ್ಲ ಎಂದೇ ಕೇಳುತ್ತಿದೆ" ಎಂದು ಅತ್ತಿದ್ದರು. ಭಯಕ್ಕೆ ಮೈ ಮರಗಟ್ಟುವುದನ್ನು ನಾವು ಬೇರೆಲ್ಲ ಸಂದರ್ಭಗಳಲ್ಲಿ ನಂಬುತ್ತೇವೆ. ಇಲ್ಲಿ ಮಾತ್ರ ಏಕೆ ನಂಬುವುದಿಲ್ಲ?

1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ತನ್ನ ಮೇಲೆ ಅತ್ಯಾಚಾರ ನಡೆಯಿತೆಂದು ಆದಿವಾಸಿ ಹುಡುಗಿಯೊಬ್ಬಳು ದೂರಿದಳು. ಗಾಯದ ಗುರುತಿಲ್ಲ, ಪ್ರತಿಭಟಿಸಿದ ಕುರುಹಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿದಂತೆ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು, ಮಣಿಯುವುದು ಬೇರೆ, ಒಪ್ಪುವುದು ಬೇರೆ ಎಂದು ವಾದಿಸಿದರು. ಆ ಕಿಚ್ಚಿನಿಂದಲೇ ಅತ್ಯಾಚಾರದ ಕಾನೂನಿಗೆ 1983ರ ತಿದ್ದುಪಡಿ ಬಂತು. ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಸಮ್ಮತಿಸಿದಳೆಂದು ತಿಳಿಯಬಾರದು ಎಂಬ ಸಾಲು ಕಾನೂನಿನಲ್ಲಿ ಸೇರಲು ಮಾತ್ರ 2013 ಬರಬೇಕಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿದೆ.

ಹಾಗೆಂದು ಆಕೆಯ ಮಾತನ್ನು ಯಾರೂ ಪರೀಕ್ಷಿಸಬಾರದೆಂದಲ್ಲ. ಪಾಟೀ ಸವಾಲು ನಡೆಯಲಿ, ನಡತೆಯನ್ನು ಕೆದಕುವುದು ಬೇಡ. ಆರೋಪಿಗೆ ವಕೀಲರು ಬೇಕೆಂದು ನಾನು ಹಟ ಹಿಡಿಯುವುದು ಆಕೆಯ ಹಿತಕ್ಕಾಗಿಯೂ ಹೌದು. ಸರಿಯಾದ ವಕಾಲತ್ತಿಲ್ಲದೆ ಬಂದ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದು ಮರುವಿಚಾರಣೆಯಾದರೆ, ಮತ್ತೆ ಕಟಕಟೆ ಹತ್ತಿ ಅದೇ ನೋವನ್ನು ಹೇಳಬೇಕಾದವಳು ಅವಳೇ. 2020ರಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ಪರ ವಾದಿಸುವುದಿಲ್ಲ ಎಂದು ಹುಬ್ಬಳ್ಳಿಯ ವಕೀಲರ ಸಂಘ ಠರಾವು ಮಾಡಿದ್ದು ನಿಮಗೆ ನೆನಪಿರಬಹುದು. ಅದು ದೇಶದ್ರೋಹದ ಪ್ರಕರಣ, ಆದರೆ ಅತ್ಯಾಚಾರದ ಸುದ್ದಿ ಬಂದಾಗಲೂ ಅದೇ ಕೂಗು ಏಳುತ್ತದೆ. ಇಂಥ ಠರಾವುಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ.

ಓಡಿಹೋದ ಹುಡುಗರ ವಿಷಯದಲ್ಲಿ ನಿಮ್ಮ ಸಂಕಟ ನನ್ನದೂ ಹೌದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಬಂದ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 2022ರ ನವೆಂಬರಿನಲ್ಲಿ ನಮ್ಮ ಧಾರವಾಡ ಹೈಕೋರ್ಟ್ ಪೀಠದ ಮುಂದೆ ಬಂದ ಪ್ರಕರಣದಲ್ಲಿ, ಹದಿನೇಳರಲ್ಲಿ ಮನೆ ಬಿಟ್ಟುಹೋದ ಹುಡುಗಿ ಅಷ್ಟರಲ್ಲಾಗಲೇ ಆರೋಪಿಯನ್ನು ಮದುವೆಯಾಗಿ ಇಬ್ಬರು ಮಕ್ಕಳ ತಾಯಿಯಾಗಿದ್ದಳು. ಪೀಠವು ಖುಲಾಸೆಯನ್ನು ಎತ್ತಿಹಿಡಿದು, ಸಮ್ಮತಿಯ ವಯಸ್ಸನ್ನು ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗವು 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಹದಿನಾರರಿಂದ ಹದಿನೆಂಟರ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಷ್ಟೇ ಸೂಚಿಸಿತು. ನನಗೆ ಇದು ಸಾಲದು. ಶಿಕ್ಷೆ ತಗ್ಗಿದರೂ ಬಂಧನ ತಪ್ಪುವುದಿಲ್ಲ, ಜಾಮೀನಿಗಾಗಿ ಹೊಲ ಒತ್ತೆಯಿಡುವುದೂ ತಪ್ಪುವುದಿಲ್ಲ. ಆದರೆ ಬಾಲ್ಯವಿವಾಹ ಇನ್ನೂ ನಿಲ್ಲದ ನಮ್ಮ ಸೀಮೆಯಲ್ಲಿ ಗೆರೆಯನ್ನು ಸುಮ್ಮನೆ ಹದಿನಾರಕ್ಕೆ ಇಳಿಸಿದರೆ ಮೂವತ್ತೈದರ ಗಂಡಸಿಗೂ ಅದೇ ರಕ್ಷಣೆ ಸಿಗುತ್ತದೆ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಜೋಡಿಗೆ ಮಾತ್ರ ವಿನಾಯಿತಿ ಕೊಡುವುದು ನನಗೆ ಸರಿ ಕಾಣುತ್ತದೆ.

ಅದೇ ತೀರ್ಪಿನಲ್ಲಿ ಪೀಠವು ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಬೇಕು ಎಂದಿತ್ತು. ನಿಮ್ಮ ಶಾಲೆಯಲ್ಲಿ ಆ ಪಾಠ ನಡೆದಿದೆಯೇ? ಮಕ್ಕಳು ಏನು ಕೇಳಿದರು? ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.
– ಸಂಪಾದಕ