ಮುಷ್ಕರಕ್ಕೆ ಮೊದಲು ಮತದಾನ ಕಡ್ಡಾಯವೇ? ಕೈ ಎತ್ತಿದರೆ ಸಾಲದೇ?

ತಮ್ಮ ಪ್ರಶ್ನೆಯ ಸಾರ ಇಷ್ಟು: ರಾಯಚೂರು ಜಿಲ್ಲೆಯವರಾದ ತಾವು ನಮ್ಮ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್ ಆಗಿದ್ದೀರಿ. ವೇತನ ಹೆಚ್ಚಳಕ್ಕಾಗಿ ತಮ್ಮ ಸಂಘ ಮುಷ್ಕರಕ್ಕೆ ಮುಂದಾಗಿದೆ. ಸಭೆಯಲ್ಲಿ ಕೈ ಎತ್ತಿಸಿದರೆ ಸಾಕೆಂದು ಕೆಲವರು, ಚೀಟಿ ಹಾಕಿಸಲೇಬೇಕೆಂದು ಇನ್ನು ಕೆಲವರು ವಾದಿಸುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ತಮ್ಮ ಸೋದರಳಿಯ, ಅಲ್ಲಿ ಅರ್ಧದಷ್ಟು ಸದಸ್ಯರಾದರೂ ಮತ ಹಾಕದಿದ್ದರೆ ಮುಷ್ಕರ ಕಾನೂನುಬಾಹಿರವಾಗುತ್ತದೆ ಎಂದಿದ್ದಾರೆ. ನಮ್ಮಲ್ಲೂ ಹಾಗೆಯೇ ಎಂದು ತಾವು ಕೇಳಿದ್ದೀರಿ.

ಕರ್ನಾಟಕದಲ್ಲಿ ಹಾಗೇನೂ ಇಲ್ಲ. ಇಲ್ಲಿ ಕಾನೂನು ಕೇಳುವುದು ನೋಟಿಸನ್ನು, ಮತದಾನವನ್ನಲ್ಲ. ಆದರೂ ಗುಪ್ತ ಮತದಾನ ನಡೆಸದೆ ನೋಟಿಸ್ ಕೊಡಬೇಡಿ ಎಂಬುದೇ ಬಳ್ಳಾರಿಯಲ್ಲಿ ಬೋಧಕೇತರ ನೌಕರರ ಸಂಘದಲ್ಲಿ ಬಹುಕಾಲ ದುಡಿದ ನನ್ನ ಖಚಿತ ಅಭಿಪ್ರಾಯ.

ಮೊದಲು ಕಾನೂನಿನ ಮಾತು. 2025ರ ನವೆಂಬರ್ 21ರಿಂದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ನೋಟಿಸಿನ ಕಟ್ಟುಪಾಡು ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇತ್ತು; ಈಗ ಸಂಹಿತೆಗೆ ಒಳಪಡುವ ಎಲ್ಲ ಸಂಸ್ಥೆಗಳಲ್ಲೂ ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು, ಮತ್ತು ಕಾರ್ಮಿಕ ಇಲಾಖೆಯ ರಾಜಿ ಸಂಧಾನ ನಡೆಯುತ್ತಿರುವಾಗಲೂ ಅದು ಮುಗಿದ ಮೇಲಿನ ಏಳು ದಿನಗಳಲ್ಲೂ ಕೆಲಸ ನಿಲ್ಲಿಸುವಂತಿಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ನೌಕರರು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸಲಾಗುತ್ತದೆ. ಆದ್ದರಿಂದ ‘ಎಲ್ಲರೂ ಸೇರಿ ರಜೆ ಚೀಟಿ ಕೊಟ್ಟುಬಿಡೋಣ’ ಎಂಬ ಹಳೆಯ ದಾರಿಯನ್ನು ಸಂಘದಲ್ಲಿ ಯಾರಾದರೂ ಸೂಚಿಸಿದರೆ ದಯವಿಟ್ಟು ತಡೆಯಿರಿ. ಈ ಕಟ್ಟುಪಾಡು ‘ಉದ್ಯಮ’ ಎನಿಸಿಕೊಳ್ಳುವ ಸಂಸ್ಥೆಗಳಿಗೆ ಮಾತ್ರ. ವಿಶ್ವವಿದ್ಯಾಲಯವೂ ‘ಉದ್ಯಮ’ವೇ ಎಂದು ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತ್ತು, ಆದರೆ ಅದು ಹಳೆಯ ಕಾಯ್ದೆಯ ಮೇಲಿನ ತೀರ್ಪು, ಹೊಸ ಸಂಹಿತೆ ಆ ಪದದ ವ್ಯಾಖ್ಯೆಯನ್ನು ಬದಲಿಸಿದೆ. ಹೀಗಾಗಿ ನೋಟಿಸಿನ ಕರಡನ್ನು ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ತೋರಿಸಿಯೇ ಸಹಿ ಮಾಡಿ. ನೆರೆಯ ಮಹಾರಾಷ್ಟ್ರದಲ್ಲಿ ಮಾತ್ರ 1971ರ ಕಾಯ್ದೆಯೊಂದು, ಮಾನ್ಯತೆ ಪಡೆದ ಸಂಘವು ಸದಸ್ಯರ ಬಹುಮತ ಪಡೆಯದೆ ಮುಷ್ಕರ ಹೂಡಿದರೆ ಅದು ಅಕ್ರಮವೆಂದು ವಿಧಿಸಿತ್ತು.

ಖಾಯಂ ನೌಕರರ ಮತ್ತು ತಮ್ಮ ದಾರಿ ಬೇರೆ ಬೇರೆ ಎಂಬುದನ್ನೂ ಸಂಘ ಗಮನದಲ್ಲಿಡಬೇಕು. ಖಾಯಂ ಬೋಧಕೇತರರ ವೇತನ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ ನಿಗದಿಯಾಗುತ್ತದೆ. ಏಳನೆಯ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ಅಧ್ಯಾಪಕರ ಶ್ರೇಣಿ ಯುಜಿಸಿಯದು. ಎರಡರಲ್ಲೂ ಕುಲಪತಿಗಳ ಎದುರು ಕುಳಿತು ಚೌಕಾಸಿ ಮಾಡಲು ಏನೂ ಉಳಿದಿರುವುದಿಲ್ಲ. ತಮ್ಮ ವೇತನವಾದರೋ ಟೆಂಡರಿನಲ್ಲಿ ನಿರ್ಧಾರವಾಗುತ್ತದೆ. ಟೆಂಡರ್ ಮುಗಿದ ಮೇಲೆ ಗುತ್ತಿಗೆದಾರರ ಬಳಿ ಹೋದರೆ ‘ನನಗೆ ಬರುವ ದರವೇ ಇಷ್ಟು’ ಎನ್ನುತ್ತಾರೆ, ಕುಲಸಚಿವರ ಕಚೇರಿಗೆ ಹೋದರೆ ‘ನಿಮ್ಮ ಮಾಲೀಕರು ಗುತ್ತಿಗೆದಾರರು’ ಎಂಬ ಉತ್ತರ ಬರುತ್ತದೆ, ಮತ್ತು ಈ ಎರಡು ಬಾಗಿಲುಗಳ ನಡುವೆ ಓಡಾಡುವುದರಲ್ಲಿಯೇ ವರ್ಷ ಕಳೆಯುತ್ತದೆ. ಆದ್ದರಿಂದ ಮುಂದಿನ ಟೆಂಡರಿನ ಕರಡು ಸಿದ್ಧವಾಗುವ ತಿಂಗಳು ಯಾವುದೆಂದು ತಿಳಿದುಕೊಂಡು, ದರ, ವಾರದ ರಜೆ, ಗುತ್ತಿಗೆದಾರ ಬದಲಾದರೂ ಹಳಬರನ್ನೇ ಮುಂದುವರಿಸುವ ಷರತ್ತು ಇವುಗಳ ಬೇಡಿಕೆಯನ್ನು ಅದಕ್ಕೆ ಸಾಕಷ್ಟು ಮೊದಲೇ ಆಡಳಿತದ ಮುಂದಿಡಬೇಕು. ಮುಷ್ಕರದ ಒತ್ತಡಕ್ಕೆ ಬೆಲೆ ಇರುವುದು ಆಗಲೇ.

ಇಲ್ಲಿ ಇನ್ನೊಂದು ವಿಂಗಡಣೆ ಬಹಳ ಮುಖ್ಯ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುತ್ತಿರುವುದು, ಸಂಬಳದಲ್ಲಿ ಭವಿಷ್ಯ ನಿಧಿಯ ಹಣ ಮುರಿದುಕೊಂಡು ಖಾತೆಗೆ ಕಟ್ಟದಿರುವುದು, ಇಎಸ್‌ಐ ಕಾರ್ಡ್ ಮಾಡಿಸಿಕೊಡದಿರುವುದು, ಇವು ಬೇಡಿಕೆಗಳೇ ಅಲ್ಲ; ಕಾನೂನು ಈಗಾಗಲೇ ತಮಗೆ ಕೊಟ್ಟಿರುವ ಹಕ್ಕುಗಳು. ಗುತ್ತಿಗೆದಾರ ವೇತನ ಕೊಡದಿದ್ದರೆ ಮೂಲ ಉದ್ಯೋಗದಾತರೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು, ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ಆ ಹೊಣೆಯನ್ನು ಉಳಿಸಿಕೊಂಡಿದೆ. ಇವುಗಳಿಗೆ ಕಾರ್ಮಿಕ ಇಲಾಖೆಗೂ ಭವಿಷ್ಯ ನಿಧಿ ಕಚೇರಿಗೂ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ದೂರಿನಿಂದ ಬಗೆಹರಿಯಬಹುದಾದ ವಿಷಯಕ್ಕೆ ಬಡ ನೌಕರರ ದಿನಗೂಲಿಯನ್ನು ಪಣಕ್ಕಿಡುವುದು ನ್ಯಾಯವಲ್ಲ ಎಂದು ನಾನು ನಂಬಿದ್ದೇನೆ.

ಇನ್ನು ಮತದಾನದ ವಿಷಯ. ತಮ್ಮ ಸೋದರಳಿಯ ಹೇಳಿದ ನಿಯಮ ಅಲ್ಲಿ ಬಂದದ್ದು ನಿಜ. ಬ್ರಿಟನ್ನಿನಲ್ಲಿ ಮುಷ್ಕರಕ್ಕೆ ಮೊದಲು ಗುಪ್ತ ಮತದಾನ ಬೇಕೆಂಬ ನಿಯಮ ಬಂದದ್ದು 1984ರ ಕಾಯ್ದೆಯಿಂದ. ಮತ ಹಾಕಲು ಅರ್ಹರಾದವರಲ್ಲಿ ಕನಿಷ್ಠ ಶೇ 50ರಷ್ಟು ಮಂದಿ ಪಾಲ್ಗೊಳ್ಳಬೇಕೆಂಬ ಷರತ್ತು ಸೇರಿದ್ದು 2016ರ ಕಾಯ್ದೆಯಿಂದ; ಅದನ್ನು ತೆಗೆದುಹಾಕಲು 2025ರ ಕಾಯ್ದೆಯೊಂದು ದಾರಿ ಮಾಡಿದೆ. ಅಲ್ಲಿ ಬಹುತೇಕ ವಿಶ್ವವಿದ್ಯಾಲಯಗಳ ಆಡಳಿತಗಳು ಸೇರಿ ಒಂದು ಒಕ್ಕೂಟದ ಮೂಲಕ ಯುಸಿಯು (ಅಧ್ಯಾಪಕರ ಮತ್ತು ಇತರ ಸಿಬ್ಬಂದಿಯ ಸಂಘ) ಮೊದಲಾದ ಐದು ಸಂಘಗಳೊಡನೆ ವೇತನದ ಮಾತುಕತೆ ನಡೆಸುತ್ತವೆ. 2022ರ ಶರತ್ಕಾಲದಲ್ಲಿ ಯುಸಿಯು ನಡೆಸಿದ ಮತದಾನದಲ್ಲಿ ಶೇ 58ರಷ್ಟು ಸದಸ್ಯರು ಪಾಲ್ಗೊಂಡರು, ಅವರಲ್ಲಿ ಶೇ 80ಕ್ಕೂ ಹೆಚ್ಚು ಜನ ಮುಷ್ಕರದ ಪರ ನಿಂತರು. ಆ ನವೆಂಬರಿನಲ್ಲಿ ಸುಮಾರು 150 ವಿಶ್ವವಿದ್ಯಾಲಯಗಳಲ್ಲಿ ಕೆಲಸ ನಿಂತಿತು. ಮರುವರ್ಷದ ಶರತ್ಕಾಲದಲ್ಲಿ ಮತ್ತೆ ಮತ ಕೇಳಿದಾಗ ಹಾಕಿದವರಲ್ಲಿ ಬಹುಮತ ಮುಷ್ಕರದ ಪರವೇ ಇತ್ತು, ಆದರೆ ಹಾಕಿದವರೇ ಶೇ 43ರ ಆಸುಪಾಸು. ಸುದೀರ್ಘ ಹೋರಾಟದಿಂದ, ವೇತನ ಕಡಿತದಿಂದ ಸದಸ್ಯರು ದಣಿದಿದ್ದರು. ಆ ದಣಿವನ್ನು ಮತಪೆಟ್ಟಿಗೆ ಮುಚ್ಚಿಡಲಿಲ್ಲ. ಅಂಚೆಯಲ್ಲಿ ಮನೆಗೇ ಬರುವ ಮತಪತ್ರದಿಂದ ಅರ್ಧದ ಗಡಿ ದಾಟುವುದು ಸಂಘಗಳಿಗೆ ಅನ್ಯಾಯದ ಹೊರೆ ಎಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ, ಸರ್ಕಾರ ಅಂಥ ಗಡಿ ಹೇರುವುದು ನಮ್ಮಲ್ಲಿ ಬೇಡವೇ ಬೇಡ. ಆದರೆ ಸಂಘವೇ ತನಗೆ ತಾನು ಹಾಕಿಕೊಳ್ಳುವ ಗಡಿಯ ಮಾತು ಬೇರೆ.

ಏಕೆಂದರೆ ಕೈ ಎತ್ತುವ ಸಭೆ ಸತ್ಯ ಹೇಳುವುದಿಲ್ಲ. ಸಭಾಂಗಣದ ತುಂಬ ಕೈ ಎದ್ದು, ಮುಷ್ಕರದ ಬೆಳಿಗ್ಗೆ ಪೆಂಡಾಲಿನ ಕೆಳಗೆ ಪದಾಧಿಕಾರಿಗಳಷ್ಟೇ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಅದು ಜನರ ಕಪಟವಲ್ಲ, ಭಯ. ಪಕ್ಕದವರು ನೋಡುತ್ತಿರುವಾಗ ಕೈ ಎತ್ತದಿರುವುದು ಕಷ್ಟ. ‘ನಾಳೆಯಿಂದ ಬರಬೇಡ’ ಎನ್ನುವ ಮೇಲ್ವಿಚಾರಕ ನೋಡುತ್ತಿರುವಾಗ ಕೈ ಎತ್ತುವುದು ಇನ್ನೂ ಕಷ್ಟ. ಭದ್ರತಾ ಸಿಬ್ಬಂದಿಯ, ಹಾಸ್ಟೆಲ್ ಅಡುಗೆಯವರ, ಸ್ವಚ್ಛತೆಯ ಕೆಲಸದ ಮಹಿಳೆಯರ ಮನಸ್ಸಿನಲ್ಲಿ ಏನಿದೆ ಎಂಬುದು ಚೀಟಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಆಡಳಿತದವರೂ ಎಣಿಸುವುದು ಅದನ್ನೇ: ಎಷ್ಟು ಜನ ನಿಜವಾಗಿ ಹೊರಗೆ ಬರುತ್ತಾರೆ?

ಮತದಾನವಿಲ್ಲದೆ ಗೆದ್ದ ಮುಷ್ಕರಗಳಿಲ್ಲವೇ ಎಂದು ತಮ್ಮಲ್ಲಿ ಯಾರಾದರೂ ಕೇಳಬಹುದು. ಇವೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಆರಂಭಿಸಿದ ದಿನವೇ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಘೋಷಿಸಿತು, ಅದೇ ದಿನ ಮುಷ್ಕರ ಹಿಂತೆಗೆದುಕೊಳ್ಳಲಾಯಿತು. ಆದರೆ ಅಲ್ಲಿ ಇಡೀ ರಾಜ್ಯದ ಕಚೇರಿಗಳು ಮುಚ್ಚುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ವಿಧಾನಸಭಾ ಚುನಾವಣೆಯೂ ಹತ್ತಿರದಲ್ಲಿತ್ತು. ಕೆಲವು ನೂರು ಜನರ ಹೊರಗುತ್ತಿಗೆ ಸಂಘಕ್ಕೆ ಆ ಅನುಕೂಲಗಳಿಲ್ಲ.

ಮತದಾನ ನಡೆಸುವುದು ಹೇಗೆಂಬ ಅಳುಕು ತಮ್ಮ ಜಿಲ್ಲೆಯವರಿಗಂತೂ ಇರಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಕಾರ್ಮಿಕ ಸಂಘದ ಚುನಾವಣೆ ಗುಪ್ತ ಮತದಾನದಿಂದಲೇ ನಡೆಯುತ್ತದೆ, ಗಣಿಯೊಳಗೆ ಇಳಿಯುವ ಕಾರ್ಮಿಕರು ಸರದಿಯಲ್ಲಿ ನಿಂತು ಮತ ಹಾಕುತ್ತಾರೆ. ಅದು ಮುಷ್ಕರದ ಮತದಾನವಲ್ಲ, ಪದಾಧಿಕಾರಿಗಳ ಆಯ್ಕೆ; ಆದರೆ ಪಟ್ಟಿ, ಪೆಟ್ಟಿಗೆ, ಏಜೆಂಟರು, ಎಣಿಕೆ ಎಲ್ಲವೂ ಒಂದೇ. ಅಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರನ್ನು ಕರೆಸಿ ಕೇಳಿದರೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಿಕೊಡುತ್ತಾರೆ. ಸದಸ್ಯರ ಪಟ್ಟಿಯನ್ನು ಮೊದಲೇ ಅಂತಿಮಗೊಳಿಸಿ. ಸಂಘದ ಹೊರಗಿನವರೊಬ್ಬರನ್ನು, ನಿವೃತ್ತ ಅಧ್ಯಾಪಕರನ್ನೋ ವಕೀಲರನ್ನೋ, ಚುನಾವಣಾಧಿಕಾರಿಯಾಗಿ ಒಪ್ಪಿಸಿ. ಪೆಟ್ಟಿಗೆಯನ್ನು ಆವರಣದ ಹೊರಗೆ, ಮೇಲ್ವಿಚಾರಕರ ಕಣ್ಣಿಗೆ ಬೀಳದ ಕಡೆ ಇಡಿ. ಪಾಳಿಯವರಿಗೂ ದೂರದ ಸ್ನಾತಕೋತ್ತರ ಕೇಂದ್ರದವರಿಗೂ ಎಟುಕುವಂತೆ ಎರಡು ಮೂರು ದಿನ ಅವಕಾಶ ಕೊಡಿ. ಚೀಟಿಯಲ್ಲಿ ‘ಹೋರಾಟಕ್ಕೆ ಬೆಂಬಲವಿದೆಯೇ’ ಎಂದು ಕೇಳಬೇಡಿ, ಬೆಂಬಲ ಎಲ್ಲರಿಗೂ ಇರುತ್ತದೆ. ‘ಈ ಬೇಡಿಕೆಗಳಿಗಾಗಿ, ಇಂಥ ದಿನಾಂಕದಿಂದ, ಆ ದಿನಗಳ ವೇತನ ಕಡಿತವಾಗಬಹುದೆಂದು ತಿಳಿದೂ ಕೆಲಸ ನಿಲ್ಲಿಸಲು ಸಿದ್ಧರಿದ್ದೀರಾ’ ಎಂದು ಕೇಳಿ.

ಮಾತುಕತೆಯಲ್ಲಿ ಏನಾದರೂ ದಕ್ಕಿದರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮತ್ತೊಮ್ಮೆ ಮತ ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2022ರ ನವೆಂಬರಿನಲ್ಲಿ ಸುಮಾರು 48,000 ಸಂಶೋಧಕರು ಮತ್ತು ಬೋಧನಾ ಸಹಾಯಕರು ಆರಂಭಿಸಿದ ಮುಷ್ಕರ ಡಿಸೆಂಬರಿನಲ್ಲಿ ಪೂರ್ಣವಾಗಿ ಮುಗಿದದ್ದು ಸದಸ್ಯರು ಒಪ್ಪಂದಕ್ಕೆ ಮತ ಹಾಕಿ ಅನುಮೋದಿಸಿದ ಮೇಲೆಯೇ. ಮುಖಂಡರು ಒಳಗೊಳಗೇ ರಾಜಿಯಾದರೆಂಬ ಗುಮಾನಿ ಸಂಘಗಳನ್ನು ಒಡೆದಷ್ಟು ಬೇರೇನೂ ಒಡೆದಿಲ್ಲ.

ಎಣಿಕೆಯ ನಂತರ ಪರ ಎಷ್ಟು, ವಿರೋಧ ಎಷ್ಟು ಎಂಬುದರ ಜೊತೆಗೆ ಒಟ್ಟು ಸದಸ್ಯರಲ್ಲಿ ಎಷ್ಟು ಜನ ಮತ ಹಾಕಿದರೆಂಬುದನ್ನೂ ಪ್ರಕಟಿಸಿ. ಅರ್ಧಕ್ಕಿಂತ ಹೆಚ್ಚು ಜನ ಬಂದು ಸ್ಪಷ್ಟ ಬಹುಮತ ದೊರೆತರೆ ಆ ಅಂಕಿಗಳನ್ನು ನೋಟಿಸಿನಲ್ಲಿಯೇ ಬರೆಯಿರಿ. ಬರದಿದ್ದರೆ ನೋಟಿಸ್ ಕೊಡಬೇಡಿ. ಕೆಲಸದ ಅವಧಿಯ ನಂತರ ಧರಣಿ ಕುಳಿತು, ಬಾಕಿ ವೇತನದ ದೂರುಗಳನ್ನು ಮುಂದುವರಿಸಿ, ಮತ ಹಾಕಲು ಬಾರದವರನ್ನು ಅವರವರ ವಿಭಾಗದಲ್ಲೇ ಭೇಟಿಯಾಗಿ ಕಾರಣ ಕೇಳಿ, ಟೆಂಡರಿನ ತಿಂಗಳಿಗೆ ಮೊದಲು ಮತ್ತೆ ಪೆಟ್ಟಿಗೆ ಇಡಿ.